ಉಪವಾಸ ಬೆಲೆಯಲ್ಲ, ಉತ್ತರ

ಅಧ್ಯಯನ ಪಾಠ: ತಪಸ್ಸುಕಾಲ ಮತ್ತು ಪಾಸ್ಖ ಕುರಿತು ಲೂಥರನ್ ಪ್ರಬೋಧನೆ, ಅದರಿಂದ ನಮಗಿರುವ ಪಾಠ

ಮೊದಲು ಓದಿಕೊಳ್ಳಿ: ಯೋವೇಲ 2:12–18, ಲೂಕ 18:9–14, ರೋಮನರಿಗೆ 4:25 ಮತ್ತು 6:3–11, ಎಫೆಸಿಯರಿಗೆ 2:8–10



ವಿಭೂತಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದವರಿಗೆ ನಮ್ಮ ಉಟಗಿಯಂಥ ಊರಿನಲ್ಲಿ ಮೂರು ಪ್ರಶ್ನೆಗಳು ಎದುರಾಗುತ್ತವೆ. "ನಿಮ್ಮಲ್ಲೂ ವಿಭೂತಿ ಐತೇನ್ರಿ?" ಎಂದು ಪಕ್ಕದ ಲಿಂಗಾಯತ ಮನೆಯವರು ಪ್ರೀತಿಯಿಂದ ಕೇಳುತ್ತಾರೆ. ಇದಕ್ಕೆ ನಾವೂ ಸಂತೋಷದಿಂದಲೇ ಉತ್ತರ ಕೊಡುತ್ತೇವೆ. ಎರಡನೆಯ ಪ್ರಶ್ನೆ ಪ್ರಾಟೆಸ್ಟಂಟ್ ಸಭೆಗೆ ಹೋಗುವ ಬೀಗರದು: "ರಕ್ಷಣೆ ದೇವರ ಪುಕ್ಕಟೆ ಕೃಪೆ ಅಂದಮೇಲೆ ಈ ಬೂದಿ, ಒಪ್ಪತ್ತು, ಶಿಲುಬೆ ಹಾದಿ ಎಲ್ಲ ಯಾಕ ಬೇಕ್ರಿ?" ಇಲ್ಲಿ ನಮ್ಮಲ್ಲಿ ಹಲವರು ಸುಮ್ಮನಾಗುತ್ತಾರೆ, ಕೆಲವರು ಸಿಟ್ಟಾಗುತ್ತಾರೆ. ಮೂರನೆಯದನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಅದು ಒಳಗೇ ಕೊರೆಯುತ್ತಿರುತ್ತದೆ: "ನಲವತ್ತು ದಿನ ಒಪ್ಪತ್ತು ಹಿಡಿದೆ. ಬೋರಿಗೆ ನೀರು ಬೀಳಲಿಲ್ಲ, ಮಗನಿಗೆ ಕೆಲಸ ಸಿಗಲಿಲ್ಲ. ನನ್ನ ವಿಶ್ವಾಸದಲ್ಲೇ ಏನೋ ಕೊರತೆ ಇದ್ದಿರಬೇಕು."

ಎರಡನೆಯ ಪ್ರಶ್ನೆಯನ್ನು ತಾಳ್ಮೆಯಿಂದ ಕೇಳಿಸಿಕೊಂಡರೆ ಮೂರನೆಯದಕ್ಕೆ ಉತ್ತರ ಸಿಗುತ್ತದೆ. ಈ ಪಾಠದ ಉದ್ದೇಶ ಅದೇ.

ಈ ಬೋಧನೆ ನಮ್ಮ ಸೀಮೆಗೆ ಬಂದ ದಾರಿ

1815ರಲ್ಲಿ ಸ್ಥಾಪನೆಯಾದ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೂ 1837ರಲ್ಲಿ ಧಾರವಾಡಕ್ಕೂ ಬಂತು. ನಮ್ಮ ಗಡಿಯಾಚೆಯ ವಿಜಯಪುರದಲ್ಲಿ 1885ರಲ್ಲಿ ನೆಲೆಯೂರಿತು. ಅದರ ಮಿಷನರಿಗಳಲ್ಲಿ ಹಲವರು ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯ ಲೂಥರನ್ ಮನೆಗಳವರು. ಸ್ವಿಸ್ ಸುಧಾರಿತ ಸಭೆಯವರೂ ಅವರ ಜೊತೆಗಿದ್ದರು. 1894ರಲ್ಲಿ ಕನ್ನಡಕ್ಕೆ ದೊಡ್ಡ ನಿಘಂಟನ್ನು ಕೊಟ್ಟ ಫರ್ಡಿನೆಂಡ್ ಕಿಟೆಲ್ ಲೂಥರನ್ ಪಾದ್ರಿಯೊಬ್ಬರ ಮಗ. ನಿಘಂಟಿಗಿಂತ ಬಹಳ ಮೊದಲೇ, 1862ರಲ್ಲಿ, ಅವರು ಯೇಸುಸ್ವಾಮಿಯ ಚರಿತ್ರೆಯನ್ನು ಕನ್ನಡ ಪದ್ಯದಲ್ಲಿ 'ಕಥಾಮಾಲೆ' ಎಂದು ಬರೆದರು. ಆ ಮಿಷನ್ನಿನ ಸಭೆಗಳು ಇಂದು ದಕ್ಷಿಣ ಭಾರತ ಸಭೆಯಲ್ಲಿವೆ. ಸಾಂಗಲಿ, ಮೀರಜ ಕಡೆ ಕೆಲಸ ಮಾಡಿದವರು ಅಮೆರಿಕದ ಪ್ರೆಸ್ಬಿಟೇರಿಯನ್ನರು. ನಮ್ಮವರು ಕಾಯಿಲೆ ಬಿದ್ದಾಗ ಹೋಗುವ ಮೀರಜಿನ ವಾನ್ಲೆಸ್ ಆಸ್ಪತ್ರೆ 1894ರಲ್ಲಿ ಅವರಿಂದಲೇ ಆರಂಭವಾಯಿತು.

ನಮ್ಮ ಬೀಗರು ತಮ್ಮನ್ನು ಲೂಥರನ್ನರೆಂದು ಕರೆದುಕೊಳ್ಳುವುದಿಲ್ಲ. ಆದರೂ ಅವರ ಸಭೆಯಲ್ಲಿ ಕೇಳಿಬರುವ "ಕೃಪೆಯಿಂದ, ನಂಬಿಕೆಯ ಮೂಲಕ" ಎಂಬ ಬೋಧನೆಗೆ ಮಾರ್ಟಿನ್ ಲೂಥರರ ಪ್ರಬೋಧನೆಗಳಲ್ಲಿ ಬೇರಿದೆ. ನಾವು 'ವಿಶ್ವಾಸ' ಎನ್ನುತ್ತೇವೆ, ಅವರ ಕನ್ನಡ ಬೈಬಲು 'ನಂಬಿಕೆ' ಎನ್ನುತ್ತದೆ. ಪ್ರಾಟೆಸ್ಟಂಟರ ಮರಾಠಿ ಬೈಬಲಿನಲ್ಲಾದರೋ ಅದೇ ಮಾತಿಗೆ 'ವಿಶ್ವಾಸ' ಎಂದೇ ಇದೆ! ಎರಡೂ ಭಾಷೆ ಬಲ್ಲ ನಮಗೆ ಇದು ಚೆನ್ನಾಗಿ ಅರ್ಥವಾಗಬೇಕು. ಶಬ್ದ ಬೇರೆಯಾದ ಮಾತ್ರಕ್ಕೆ ವಸ್ತು ಬೇರೆಯಾಗುವುದಿಲ್ಲ.

1519: ಯಾತನೆಯನ್ನು ಧ್ಯಾನಿಸುವುದು ಹೇಗೆ?

1519ರಲ್ಲಿ ಲೂಥರರು ಕ್ರಿಸ್ತರ ಯಾತನೆಯ ಧ್ಯಾನದ ಬಗ್ಗೆ ಒಂದು ಪ್ರಬೋಧನೆಯನ್ನು ಅಚ್ಚು ಹಾಕಿಸಿದರು. ಆಗ ಅವರು ಇನ್ನೂ ನಮ್ಮ ಧರ್ಮಸಭೆಯೊಳಗಿದ್ದ ಅಗಸ್ಟೀನ್ ಸಭೆಯ ಸನ್ಯಾಸಿ, ಬಹಿಷ್ಕಾರವಾದದ್ದು 1521ರಲ್ಲಿ. ಶಿಲುಬೆ ಹಾದಿಗೆ ನಿಲ್ಲುವ ಪ್ರತಿಯೊಬ್ಬ ಕಥೋಲಿಕರೂ ಆ ಪ್ರಬೋಧನೆಯ ಸಾರವನ್ನು ತಿಳಿಯುವುದು ಒಳ್ಳೆಯದು.

ಯಾತನೆಯನ್ನು ತಪ್ಪಾಗಿ ಧ್ಯಾನಿಸುವ ಮೂರು ಬಗೆಗಳನ್ನು ಅವರು ಮೊದಲು ತೋರಿಸುತ್ತಾರೆ. ಕೆಲವರು ಯೂದನನ್ನೂ ಯೆಹೂದ್ಯರನ್ನೂ ಬೈದು ಧ್ಯಾನ ಮುಗಿಯಿತೆಂದುಕೊಳ್ಳುತ್ತಾರೆ. ಕೆಲವರು ನೀರು, ಬೆಂಕಿ, ಆಯುಧಗಳಿಂದ ಅಪಾಯ ಬಾರದಿರಲೆಂದು ಶಿಲುಬೆಯನ್ನು ತಾಯಿತದಂತೆ ಕಟ್ಟಿಕೊಳ್ಳುತ್ತಾರೆ. ಇನ್ನು ಕೆಲವರು ನಿರಪರಾಧಿಗೆ ಹೀಗಾಯಿತಲ್ಲ ಎಂದು ಕಣ್ಣೀರು ಹಾಕಿ ಅಷ್ಟಕ್ಕೇ ನಿಲ್ಲುತ್ತಾರೆ. (ಯೆಹೂದ್ಯರನ್ನು ಬೈಯಬೇಡಿ ಎಂದ ಲೂಥರರೇ 1543ರಲ್ಲಿ ಅವರ ವಿರುದ್ಧ ಅತಿ ಕಠೋರವಾಗಿ ಬರೆದರು. ಇಂದಿನ ಲೂಥರನ್ ಸಭೆಗಳು ಆ ಬರಹವನ್ನು ತಿರಸ್ಕರಿಸಿವೆ.)

ಸರಿಯಾದ ಧ್ಯಾನಕ್ಕೆ ಅವರು ಮೂರು ಮೆಟ್ಟಿಲು ಹೇಳುತ್ತಾರೆ. ಮೊದಲನೆಯದು, ಆ ಮೊಳೆಗಳನ್ನು ಹೊಡೆದದ್ದು ನನ್ನ ಪಾಪವೆಂದು ಅರಿತು ನಡುಗುವುದು. ಎರಡನೆಯದು, ಆ ಪಾಪವನ್ನು ಎದೆಯಲ್ಲಿ ಇಟ್ಟುಕೊಂಡು ಕೊರಗದೆ ಕ್ರಿಸ್ತರ ಮೇಲೆ ಹಾಕುವುದು. ಇದಕ್ಕೆ ಅವರು ರೋಮನರಿಗೆ 4:25ನ್ನು ಆಧಾರವಾಗಿ ಕೊಡುತ್ತಾರೆ. ನಮ್ಮ ಪಾಪಗಳ ನಿಮಿತ್ತ ಮರಣಕ್ಕೊಪ್ಪಿಸಲಾದ ಪ್ರಭು ಪುನರುತ್ಥಾನರಾದಾಗ ಅವರ ಮೇಲೆ ಪಾಪದ ಗುರುತೇ ಉಳಿದಿರಲಿಲ್ಲ, ಅದು ಸೋತುಹೋಗಿತ್ತು. ಹಾಗಾಗಿ ಶುಭ ಶುಕ್ರವಾರದ ಧ್ಯಾನ ಪಾಸ್ಖದವರೆಗೆ ನಡೆಯದಿದ್ದರೆ ಅರ್ಧದಲ್ಲೇ ನಿಲ್ಲುತ್ತದೆ. ಮೂರನೆಯದು, ಕ್ರಿಸ್ತರ ಹೃದಯದ ಪ್ರೀತಿಯನ್ನು ಕಂಡು ತಂದೆಯ ಹೃದಯದವರೆಗೆ ಏರಿ, ಆಮೇಲೆ ಆ ಯಾತನೆಯನ್ನೇ ಬಾಳಿನ ಮಾದರಿಯಾಗಿ ಹಿಡಿಯುವುದು. ಕಾಯಿಲೆ ಬಂದಾಗ ಮುಳ್ಳಿನ ಕಿರೀಟ, ಸೇಡು ಮೂಡಿದಾಗ ಅವರ ಮೌನ ಕಣ್ಣೆದುರು ಬರಬೇಕು.

ಈ ಮೆಟ್ಟಿಲುಗಳ ಕ್ರಮವನ್ನು ಗಮನಿಸಿ. ಮಾದರಿ ಬರುವುದು ಕೊನೆಗೆ. ಕ್ಷಮೆ ಮೊದಲು, ಒಳ್ಳೆಯ ನಡತೆ ಅದರ ಫಲ.

1522: ತಪಸ್ಸುಕಾಲದ ಎಂಟು ದಿನಗಳು

ಲೂಥರರು ವಾರ್ಟ್‌ಬುರ್ಗ್ ಕೋಟೆಯಲ್ಲಿ ಅಡಗಿದ್ದಾಗ ವಿಟೆನ್‌ಬರ್ಗ್ ಊರಿನಲ್ಲಿ ಅವರ ಕಡೆಯವರೇ ಅವಸರಪಟ್ಟರು. ಆರಾಧನೆಯ ಕ್ರಮವನ್ನು ಬದಲಿಸಿದರು, ಸ್ವರೂಪಗಳನ್ನು ಒಡೆದರು, ಉಪವಾಸ ಮುರಿಯುವುದನ್ನೇ ಹೆಗ್ಗಳಿಕೆ ಎಂದುಕೊಂಡರು. ಊರು ಕದಡಿತು. ಲೂಥರರು ಕೋಟೆ ಬಿಟ್ಟು ಬಂದು, 1522ರ ಮಾರ್ಚ್ 9ರಂದು, ಅಂದರೆ ತಪಸ್ಸುಕಾಲದ ಮೊದಲನೆಯ ಭಾನುವಾರ, ಉಪದೇಶಪೀಠವೇರಿದರು. ಮುಂದಿನ ಭಾನುವಾರದವರೆಗೆ ಎಂಟು ದಿನ ದಿನವೂ ಪ್ರಬೋಧಿಸಿದರು.

ಆಶ್ಚರ್ಯವೆಂದರೆ ಆ ದಿನಗಳಲ್ಲಿ ಅವರು ಹೆಚ್ಚಾಗಿ ಗದರಿಸಿದ್ದು ತಮ್ಮ ಕಡೆಯವರನ್ನೇ. ನಿಮಗೆ ವಿಶ್ವಾಸದ ಮಾತು ಬರುತ್ತದೆ, ಪ್ರೀತಿ ಎಲ್ಲಿದೆ ಎಂದು ಕೇಳಿದರು. ನನ್ನ ಮಾತು ಕಿವಿಯವರೆಗೆ ಹೋಗಬಲ್ಲದು, ಹೃದಯವನ್ನು ಮುಟ್ಟುವುದು ದೇವರ ಕೆಲಸ. ಆದ್ದರಿಂದ ಯಾರನ್ನೂ ಬಲವಂತದಿಂದ ಎಳೆಯಬಾರದು ಎಂದರು. ಹಸುಗೂಸಿಗೆ ಮೊದಲು ಹಾಲು, ಆಮೇಲೆ ಗಟ್ಟಿ ಆಹಾರ ಕೊಡುವಂತೆ ದುರ್ಬಲರಿಗಾಗಿ ಕಾಯಬೇಕು ಎಂದರು. ಕೊನೆಯ ದಿನ ಪಾಪನಿವೇದನೆಯ ಬಗ್ಗೆ ಮಾತಾಡಿದರು. ಅದನ್ನು ಯಾರ ಮೇಲೂ ಹೇರಬಾರದು, ಆದರೆ ಅದರಿಂದ ತಮಗೆ ದೊರೆತ ಸಮಾಧಾನ ಎಂಥದೆಂದರೆ ಅದನ್ನು ತಮ್ಮಿಂದ ಕಿತ್ತುಕೊಳ್ಳಲು ಬಿಡುವುದಿಲ್ಲ ಎಂದರು. ಪಾಪನಿವೇದನೆ ಯಾಕೆ ಎಂದು ಕೇಳುವ ಬೀಗರಿಗೂ, ವರ್ಷಗಟ್ಟಲೆ ಅದನ್ನು ಮುಂದೂಡುವ ನಮಗೂ ಇದು ನೆನಪಿರಲಿ.

ಮುಂದೆ ಎರಡೂ ಕಡೆಯವರು ಆ ಮಾತನ್ನು ಮರೆತು ರಾಜಬಲವನ್ನೂ ಕತ್ತಿಯನ್ನೂ ನೆಚ್ಚಿಕೊಂಡದ್ದು ಚರಿತ್ರೆಯ ನೋವು. ವಿಶ್ವಾಸಕ್ಕೆ ಯಾರನ್ನೂ ಬಲವಂತಪಡಿಸಬಾರದೆಂದು ನಮ್ಮ ಎರಡನೆಯ ವ್ಯಾಟಿಕನ್ ಮಹಾಸಭೆಯೂ 1965ರಲ್ಲಿ ಸ್ಪಷ್ಟವಾಗಿ ಸಾರಿತು. ಇದು ಮನೆಗೂ ಸಲ್ಲುತ್ತದೆ. ಬೈದು ಮಾಡಿಸಿದ ಒಪ್ಪತ್ತಿನಿಂದ ಸೊಸೆಗೆ ಹಸಿವಾಗಬಹುದು, ಭಕ್ತಿ ಬರುವುದಿಲ್ಲ.

ಪಾಸ್ಖ: ಗೆದ್ದದ್ದು ಜೀವ

ಪಾಸ್ಖ ಭಾನುವಾರದ ಬಲಿಪೂಜೆಯಲ್ಲಿ ಶುಭಸಂದೇಶಕ್ಕೆ ಮುಂಚೆ ಹಾಡುವ ಹಳೆಯ ಲತೀನ್ ಗೀತೆಯೊಂದಿದೆ, 'ವಿಕ್ಟಿಮೆ ಪಾಸ್ಕಾಲಿ'. ಜೀವಕ್ಕೂ ಮರಣಕ್ಕೂ ನಡೆದ ಕಾಳಗವನ್ನು ಅದು ವರ್ಣಿಸುತ್ತದೆ. 1524ರಲ್ಲಿ ಲೂಥರರು ಬರೆದ ಪಾಸ್ಖ ಹಾಡು ಈ ಗೀತೆಯನ್ನೂ ಅದರಿಂದ ಹುಟ್ಟಿದ ಹಳೆಯ ಜರ್ಮನ್ ಹಾಡನ್ನೂ ಆಧರಿಸಿದೆ. ನಂತರ ಸಂಗೀತಗಾರ ಬಾಖ್ ಅದನ್ನು ದೊಡ್ಡ ಕೃತಿಯಾಗಿ ಬೆಳೆಸಿದರು. ಅಂದರೆ ಲೂಥರನ್ನರ ಹೆಸರಾದ ಪಾಸ್ಖ ಹಾಡಿನ ತವರು ನಮ್ಮ ಬಲಿಪೂಜೆ.

1529ರ ಕಿರು ಧರ್ಮೋಪದೇಶದಲ್ಲಿ ಲೂಥರರು ಜ್ಞಾನಸ್ನಾನವನ್ನು ರೋಮನರಿಗೆ 6ನೆಯ ಅಧ್ಯಾಯದಿಂದ ವಿವರಿಸುತ್ತಾರೆ. ನಮ್ಮೊಳಗಿನ ಹಳೆಯ ಮನುಷ್ಯ ದಿನವೂ ಸಾಯಬೇಕು, ಹೊಸ ಮನುಷ್ಯ ದಿನವೂ ಏಳಬೇಕು. ನಾವು ಪಾಸ್ಖ ಜಾಗರಣೆಯಲ್ಲಿ ಓದುವುದೂ ಅದೇ ಅಧ್ಯಾಯ. ಆಮೇಲೆ ಮೇಣದ ಬತ್ತಿ ಹಿಡಿದು ಜ್ಞಾನಸ್ನಾನದ ವಾಗ್ದಾನಗಳನ್ನು ನವೀಕರಿಸುತ್ತೇವೆ. ತಪಸ್ಸಿನ ದಿನಗಳು ನಲವತ್ತು, ಪಾಸ್ಖ ಕಾಲದ ದಿನಗಳು ಐವತ್ತು. ನಲವತ್ತನ್ನು ಎಣಿಸಿ ಎಣಿಸಿ ನಡೆಸುವ ನಾವು ಐವತ್ತನ್ನು ಒಂದು ದಿನದ ಊಟದಲ್ಲಿ ಮುಗಿಸಿಬಿಡುತ್ತೇವೆ!

ನಮ್ಮ ಧರ್ಮಸಭೆ ಏನು ಹೇಳುತ್ತದೆ?

"ಕಥೋಲಿಕರು ಸತ್ಕಾರ್ಯದಿಂದ ರಕ್ಷಣೆ ಕೊಳ್ಳುತ್ತಾರೆ" ಎಂಬುದು ನಮ್ಮ ಬೋಧನೆಯಲ್ಲ. ಪಾಪಿಯನ್ನು ನೀತಿವಂತನನ್ನಾಗಿಸುವ ವರಪ್ರಸಾದವನ್ನು ಅದಕ್ಕೆ ಮುಂಚಿನ ಯಾವ ವಿಶ್ವಾಸವೂ ಯಾವ ಕಾರ್ಯವೂ ಗಳಿಸಲಾರದೆಂದು ಟ್ರೆಂಟ್ ಮಹಾಸಭೆಯೇ 1547ರಲ್ಲಿ ಹೇಳಿತು. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕಥೋಲಿಕ ಧರ್ಮಸಭೆಯೂ ಲೂಥರನ್ ಜಾಗತಿಕ ಒಕ್ಕೂಟವೂ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದವು. ನಮ್ಮ ಯೋಗ್ಯತೆಯಿಂದಲ್ಲ, ಕೃಪೆಯಿಂದ ಮಾತ್ರ, ಕ್ರಿಸ್ತರ ರಕ್ಷಣಾಕಾರ್ಯದಲ್ಲಿಟ್ಟ ವಿಶ್ವಾಸದಲ್ಲಿ ದೇವರು ನಮ್ಮನ್ನು ಸ್ವೀಕರಿಸುತ್ತಾರೆ. ಪವಿತ್ರಾತ್ಮರು ನಮ್ಮ ಹೃದಯವನ್ನು ಹೊಸದಾಗಿಸಿ ಸತ್ಕಾರ್ಯಗಳಿಗೆ ಕರೆಯುತ್ತಾರೆ ಎಂಬುದು ಅದರ ತಿರುಳು. ಈ ಒಪ್ಪಂದಕ್ಕೆ 2006ರಲ್ಲಿ ಮೆಥೊಡಿಸ್ಟರೂ 2017ರಲ್ಲಿ ಪ್ರೆಸ್ಬಿಟೇರಿಯನ್ನರನ್ನು ಒಳಗೊಂಡ ಸುಧಾರಿತ ಸಭೆಗಳ ಒಕ್ಕೂಟವೂ ಸೇರಿದವು. 2016ರ ಅಕ್ಟೋಬರ್ 31ರಂದು ಜಗದ್ಗುರು ಫ್ರಾನ್ಸಿಸ್ ಸ್ವೀಡನ್ನಿನ ಲುಂಡ್ ನಗರದಲ್ಲಿ ಲೂಥರನ್ನರೊಡನೆ ಕೂಡಿ ಪ್ರಾರ್ಥಿಸಿದರು.

ಭೇದಗಳೆಲ್ಲ ತೀರಿಲ್ಲ. ಗುರುದೀಕ್ಷೆ, ಜಗದ್ಗುರುಗಳ ಅಧಿಕಾರ, ಪರಮಪ್ರಸಾದದ ವಿಷಯದಲ್ಲಿ ಇನ್ನೂ ಒಮ್ಮತವಿಲ್ಲ; ಒಂದೇ ಬಲಿಪೀಠದಿಂದ ಸ್ವೀಕರಿಸುವ ದಿನ ಇನ್ನೂ ಬಂದಿಲ್ಲ. ಇದನ್ನು ಮರೆಮಾಚಬೇಕಿಲ್ಲ. ಆದರೆ ಬೀಗರ ಪ್ರಶ್ನೆಗೆ ಈಗ ಧೈರ್ಯವಾಗಿ ಉತ್ತರಿಸಬಹುದು: "ಹೌದ್ರಿ, ರಕ್ಷಣೆ ಕೃಪೆಯೇ. ಒಪ್ಪತ್ತು ಅದಕ್ಕೆ ಕೊಡುವ ಬೆಲೆಯಲ್ಲ, ಅದಕ್ಕೆ ನಾವು ಕೊಡುವ ಉತ್ತರ."

ಹರಗಿದ ಹೊಲ

ನಮ್ಮ ಜತ್ತ ಸೀಮೆ ಬರ ಕಂಡ ನೆಲ. ಹೊಲ ಹರಗಿದ್ದಕ್ಕೆ ಮಳೆ ಬರುವುದಿಲ್ಲವೆಂದು ಇಲ್ಲಿನ ಪ್ರತಿ ರೈತನಿಗೂ ಗೊತ್ತು. ಮಳೆಯನ್ನು ಯಾರೂ ಕೊಂಡು ತರಲಾರರು. ಹಾಗೆಂದು ಹೊಲವನ್ನು ಹಾಳು ಬಿಡುತ್ತಾನೆಯೇ? ಇಲ್ಲ, ಹರಗುತ್ತಾನೆ. ಹರಗಿದ ಹೊಲ ಬಂದ ಮಳೆಯನ್ನು ಕುಡಿದು ಹಸಿ ಹಿಡಿದಿಟ್ಟುಕೊಳ್ಳುತ್ತದೆ. ಬಿರುಸಾದ ನೆಲದ ಮೇಲೆ ಅದೇ ಮಳೆ ಹರಿದುಹೋಗುತ್ತದೆ. ಉಪವಾಸ, ಪ್ರಾರ್ಥನೆ, ದಾನಧರ್ಮ ಎಂದರೆ ಹೃದಯವನ್ನು ಹರಗುವುದು. ಹರಗುವ ತೋಳಿನ ಬಲವೂ ದೇವರದೇ ಕೊಡುಗೆ.

ಇಲ್ಲೇ ಮೂರನೆಯ ಪ್ರಶ್ನೆಗೂ ಉತ್ತರವಿದೆ. ಹರಕೆಯಂತೆ ಲೆಕ್ಕ ಹಾಕಿ ಉಪವಾಸ ಮಾಡಿದವರಿಗೆ, ಬೇಡಿದ್ದು ಸಿಗದಾಗ, ದೇವರು ಸಾಲಗಾರರಂತೆ ಕಾಣುತ್ತಾರೆ. ಇಲ್ಲವೇ ತಾವೇ ತಪ್ಪಿತಸ್ಥರಂತೆ ಕಾಣುತ್ತಾರೆ. ಎರಡೂ ಸುಳ್ಳು. ತಾನು ವಾರಕ್ಕೆರಡು ಸಲ ಉಪವಾಸ ಮಾಡುವೆನೆಂದು ಲೆಕ್ಕ ಒಪ್ಪಿಸಿದ ಫರಿಸಾಯನು ಬಂದಂತೆಯೇ ಮರಳಿದ. ತಲೆಯೆತ್ತಲಾರದೆ ಎದೆ ಬಡಿದುಕೊಂಡ ಸುಂಕದವನು ನೀತಿವಂತನಾಗಿ ಮನೆಗೆ ಹೋದ. ನಿಮ್ಮ ಬೋರು ಬತ್ತಿದ್ದು ನಿಮ್ಮ ವಿಶ್ವಾಸಕ್ಕೆ ಬಿದ್ದ ಕಡಿಮೆ ಅಂಕವಲ್ಲ. ನಿಮ್ಮ ಸಂಕಟದಲ್ಲಿ ಪ್ರಭು ಶಿಲುಬೆಯಿಂದ ನಿಮ್ಮನ್ನು ನೋಡುತ್ತಿದ್ದಾರೆ, ಸಮಾಧಿಯಿಂದ ಎದ್ದು ನಿಮ್ಮ ಜೊತೆ ನಡೆಯುತ್ತಿದ್ದಾರೆ.

ಒಂದು ನಿಯಮವನ್ನೂ ನೆನಪಿಸುತ್ತೇವೆ. ಧರ್ಮಸಭೆ ಕಡ್ಡಾಯವಾಗಿ ಉಪವಾಸ ಕೇಳುವುದು ಎರಡೇ ದಿನ: ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ. ಅದೂ 18 ತುಂಬಿದವರಿಂದ 59 ತುಂಬುವವರೆಗಿನವರಿಗೆ. ಕಾಯಿಲೆಯವರು, ಗರ್ಭಿಣಿಯರು, ಹಾಲುಣಿಸುವ ತಾಯಂದಿರು ಉಪವಾಸ ಮಾಡದಿದ್ದರೆ ಪಾಪವಿಲ್ಲ. ಉಳಿದ ದಿನಗಳ ಒಪ್ಪತ್ತು ಪ್ರೀತಿಯಿಂದ ಬರಲಿ.

ಮನೆಯಲ್ಲಿ, ಕೂಟದಲ್ಲಿ ಚರ್ಚಿಸಲು

1. ಲೂಕ 18:9–14ನ್ನು ಓದಿ. ನನ್ನ ಪ್ರಾರ್ಥನೆಯಲ್ಲಿ ಫರಿಸಾಯನ ಲೆಕ್ಕ ಎಲ್ಲಿ ನುಸುಳುತ್ತದೆ?

2. ಶಿಲುಬೆ ಹಾದಿಯಲ್ಲಿ ನಾನು ಯಾವ ಮೆಟ್ಟಿಲಿನಲ್ಲಿ ನಿಂತಿದ್ದೇನೆ: ಭಯದಲ್ಲೋ, ಕ್ಷಮೆಯಲ್ಲೋ, ಹೊಸ ಬಾಳಿನಲ್ಲೋ?

3. ಪ್ರಾಟೆಸ್ಟಂಟ್ ನೆಂಟರೊಡನೆ ಈ ಪಾಸ್ಖ ಕಾಲದಲ್ಲಿ ಕೂಡಿ ಓದಬಹುದಾದ ಒಂದು ಬೈಬಲ್ ಭಾಗ ಯಾವುದು?

4. ಒಪ್ಪತ್ತಿನಿಂದ ಉಳಿದ ಜೋಳ, ಹಣ ಯಾರ ಮನೆಗೆ ಹೋಗಬೇಕು?

ಪ್ರಾರ್ಥನೆ

ಪ್ರಭು ಯೇಸುವೇ, ನಾವು ಕೇಳುವ ಮೊದಲೇ ನಮಗಾಗಿ ನಿಮ್ಮನ್ನು ಅರ್ಪಿಸಿಕೊಂಡಿರಿ. ನಮ್ಮ ಉಪವಾಸದಿಂದ ಲೆಕ್ಕಾಚಾರವನ್ನು ತೆಗೆದುಹಾಕಿ, ಕೃತಜ್ಞತೆಯನ್ನು ತುಂಬಿರಿ. ಬೇಡಿದ್ದು ಸಿಗದೆ ಮನ ಕುಗ್ಗಿದವರನ್ನು ಎತ್ತಿ ಹಿಡಿಯಿರಿ. ನಿಮ್ಮ ಹೆಸರನ್ನು ಹೊತ್ತ ಸಭೆಗಳೆಲ್ಲ ಒಂದಾಗಿ ನಿಮ್ಮ ಪುನರುತ್ಥಾನವನ್ನು ಸಾರುವಂತೆ ಮಾಡಿರಿ. ಆಮೆನ್.