ಸೋಮನಾಥಪುರದ ಶಿಲ್ಪದ ಕೈಯಲ್ಲಿ ಮಾಯಾ ಜನರ ಜೋಳವೇ?

ಪ್ರಶ್ನೆ: ಸಿಡ್ನಿಯ ಆಸ್ಟ್ರೇಲಿಯನ್ ಮ್ಯೂಸಿಯಂನಲ್ಲಿ ಮಾಚು ಪಿಚು ಪ್ರದರ್ಶನ ನೋಡಿ ಬಂದೆವು. 2014ರಲ್ಲಿ ನಮ್ಮ ಮೆಲ್ಬರ್ನ್ ಮ್ಯೂಸಿಯಂಗೆ ಬಂದಿದ್ದ ಅಜ್ಟೆಕ್ ಪ್ರದರ್ಶನವನ್ನೂ ನೋಡಿದ್ದೆವು. ಮನೆಯವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಈ ಮಾತು ಬಂದಾಗ ಸೋದರಮಾವ ಒಂದು ಫೋಟೊ ಕಳಿಸಿದರು. ಸೋಮನಾಥಪುರದ ಶಿಲ್ಪವೊಂದರ ಕೈಯಲ್ಲಿ ಮುಸುಕಿನ ಜೋಳದ ತೆನೆ! ಕೊಲಂಬಸ್‌ಗಿಂತ ಮೊದಲೇ ನಮ್ಮವರಿಗೂ ಮಾಯಾ ಜನರಿಗೂ ನಂಟಿತ್ತೆ?
— ಓದುಗರೊಬ್ಬರು, ಮೆಲ್ಬರ್ನ್

ಉತ್ತರ: ನಂಟಿರಲಿಲ್ಲ ಎಂದೇ ನನ್ನ ಅಭಿಪ್ರಾಯ. ಹಾಗೆಂದು ನಿಮ್ಮ ಮಾವ ಕಳಿಸಿದ್ದು ಬರೀ ಗಾಳಿಸುದ್ದಿಯಲ್ಲ. 1989ರಲ್ಲಿ ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ಭೂಗೋಳ ತಜ್ಞ ಕಾರ್ಲ್ ಜೋಹಾನೆಸೆನ್, ಆನ್ ಪಾರ್ಕರ್ ಜೊತೆ ಸೇರಿ ‘ಎಕನಾಮಿಕ್ ಬಾಟನಿ’ ಪತ್ರಿಕೆಯಲ್ಲಿ ಇದೇ ವಾದ ಮಂಡಿಸಿದರು. ಕಾಳಿನ ಸಾಲು, ತೆನೆಯ ಆಕಾರ, ಮೇಲಿನ ಸಿಪ್ಪೆ ಎಲ್ಲವೂ ಮುಸುಕಿನ ಜೋಳವನ್ನೇ ಹೋಲುತ್ತವೆ ಎಂದರು. 1993ರಲ್ಲಿ ಅದೇ ಪತ್ರಿಕೆಯಲ್ಲಿ ಭಾರತದ ಜೋಳ ತಜ್ಞರಾದ ಪಾಯಕ್ ಮತ್ತು ಸಚನ್ ಉತ್ತರ ಕೊಟ್ಟರು: ಅದು ಜೋಳವಲ್ಲ, ಮುತ್ತು ಪೋಣಿಸಿದಂತೆ ಕಡೆದ ಕಲ್ಪನೆಯ ಹಣ್ಣು, ಮುಕ್ತಾಫಲ.

ಮುಂದಿನ ಸಲ ಊರಿಗೆ ಹೋದಾಗ ದೇಗುಲದ ಹೊರಗೋಡೆಯ ಹತ್ತಿರ ನಿಂತು ನೋಡಿ. ಮೊದಲು ಕೈಯಲ್ಲಿರುವ ಹಣ್ಣು, ಆಮೇಲೆ ಅದೇ ಮೂರ್ತಿಯ ಕೊರಳಹಾರ, ತೋಳಬಂದಿ, ಡಾಬು, ಕಿರೀಟ. ಎಲ್ಲೆಲ್ಲೂ ಅದೇ ದುಂಡು ಮಣಿಗಳ ಸಾಲು. ಬಳಪದ ಕಲ್ಲು ಸಿಕ್ಕ ಹೊಯ್ಸಳ ಶಿಲ್ಪಿ ಖಾಲಿ ಜಾಗ ಬಿಡುತ್ತಿರಲಿಲ್ಲ. ಆ ಮಣಿಗಳು ಅವನ ಕೈಚಳಕದ ಗುರುತು. ಹೊಲದಲ್ಲಿ ಕಂಡ ಬೆಳೆಯನ್ನೇ ಅವನು ಕಡೆದ ಎನ್ನಲು ಅಷ್ಟೇ ಸಾಲದು.

ಕಾಲದ ಲೆಕ್ಕವನ್ನೂ ನೋಡಬೇಕು. ದಂಡನಾಯಕ ಸೋಮನಾಥ ಈ ಕೇಶವ ದೇಗುಲ ಕಟ್ಟಿಸಿದ್ದು 1268ರಲ್ಲಿ, ಮೂರನೆಯ ನರಸಿಂಹನ ಆಳ್ವಿಕೆಯಲ್ಲಿ. ಆ ಹೊತ್ತಿಗೆ ಮಾಯಾ ಜನರ ಟಿಕಾಲ್ ನಗರದಲ್ಲಿ ಕಾಡು ಬೆಳೆದು ಮುನ್ನೂರು ವರ್ಷ ದಾಟಿತ್ತು. ಅಜ್ಟೆಕ್ ರಾಜಧಾನಿ ಟೆನೋಚ್ಟಿಟ್ಲಾನ್ ಹುಟ್ಟಲು ಇನ್ನೂ ಅರ್ಧ ಶತಮಾನಕ್ಕೂ ಹೆಚ್ಚು ಬಾಕಿ. ಇಂಕಾ ಸಾಮ್ರಾಜ್ಯ ಬೆಳೆದದ್ದು 15ನೇ ಶತಮಾನದಲ್ಲಿ. ನೀವು ಸಿಡ್ನಿಯಲ್ಲಿ ಪರಿಚಯ ಮಾಡಿಕೊಂಡ, ಇಂಕಾಗಳ ಮಾಚು ಪಿಚು ಸೋಮನಾಥಪುರಕ್ಕಿಂತ ವಯಸ್ಸಿನಲ್ಲಿ ಚಿಕ್ಕದು! ಮಾಯಾ ಜನರೇನೋ ಯುಕಟಾನಿನಲ್ಲಿ ಇದ್ದರು, ಜೋಳವನ್ನೂ ಬೆಳೆಯುತ್ತಿದ್ದರು. ಆದರೆ ಅವರ ಒಂದು ಚೂರು ಮಡಕೆಯೂ ನಮ್ಮ ಕರಾವಳಿಯಲ್ಲಿ ಸಿಕ್ಕಿಲ್ಲ.

ನನಗೆ ಎಲ್ಲಕ್ಕಿಂತ ಬಲವಾಗಿ ಕಾಣುವ ಸಾಕ್ಷಿ ಮಣ್ಣಿನದು. ಸುಮಾರು 9,000 ವರ್ಷಗಳ ಹಿಂದೆ ಮೆಕ್ಸಿಕೊದ ರೈತರು ಟಿಯೊಸಿಂಟೆ ಎಂಬ ಕಾಡುಹುಲ್ಲಿನಿಂದ ಮುಸುಕಿನ ಜೋಳವನ್ನು ಪಳಗಿಸಿದರು. ಸಿಪ್ಪೆಯೊಳಗೆ ಬಿಗಿದ ಕಾಳು ತಾನಾಗಿ ಉದುರುವುದಿಲ್ಲ. ಮನುಷ್ಯ ಬಿತ್ತಿದರಷ್ಟೇ ಅದರ ವಂಶ ಉಳಿಯುತ್ತದೆ. ಹಾಗಾಗಿ ಬೆಳೆದ ಕಡೆಯಲ್ಲೆಲ್ಲ ದಿಂಡು, ಕಾಳು, ಪರಾಗ ಉಳಿದಿರಬೇಕು. ನಮ್ಮ ನೆಲ ಕಾಳು ಕಾಪಾಡದ ನೆಲವೂ ಅಲ್ಲ. ಬಳ್ಳಾರಿಯ ಸಂಗನಕಲ್ಲಿನಲ್ಲಿ ಸುಮಾರು ನಾಲ್ಕು ಸಾವಿರ ವರ್ಷ ಹಳೆಯ ಹುರುಳಿ, ಹೆಸರು, ಕೊರಲೆ ಸುಟ್ಟು ಕರಿಯಾಗಿ ಉಳಿದು ಸಿಕ್ಕಿವೆ. ಮೂರನೆಯ ಮಂಗರಸ 1508ರ ಸುಮಾರಿಗೆ ಬರೆದ ‘ಸೂಪಶಾಸ್ತ್ರ’ದಲ್ಲಿ ಬದನೆ, ಹಲಸು, ಕಳಲೆಯ ಅಡುಗೆಗಳಿವೆ, ಮುಸುಕಿನ ಜೋಳದ ಸುಳಿವಿಲ್ಲ. ಅದು ಇಲ್ಲಿಗೆ ಬಂದದ್ದು ಪೋರ್ಚುಗೀಸರ ಹಡಗುಗಳ ಕಾಲದಲ್ಲಿ, ಮೆಣಸಿನಕಾಯಿಯ ಹಾಗೆ.

ಅಷ್ಟು ದೊಡ್ಡ ಶಾಂತಸಾಗರವನ್ನು ಕೊಲಂಬಸ್‌ಗಿಂತ ಮೊದಲು ಯಾರೂ ದಾಟಲೇ ಇಲ್ಲವೇ ಎಂದರೆ, ದಾಟಿದ್ದಾರೆ. ಸಾಕ್ಷಿ ನಿಮ್ಮ ತರಕಾರಿ ಅಂಗಡಿಯಲ್ಲೇ ಇದೆ: ಕುಮರ ಎಂದೂ ಕರೆಯುವ ಗೆಣಸು. ಅದರ ತವರು ಅಮೆರಿಕ. ಕುಕ್ ದ್ವೀಪಗಳ ಮಂಗಾಯಿಯಾದಲ್ಲಿ ಕೊಲಂಬಸ್‌ಗಿಂತ ಹಿಂದಿನ, ಸುಟ್ಟು ಕರಿಯಾದ ಗೆಣಸಿನ ತುಣುಕು ಸಿಕ್ಕಿದೆ. ಮಾವೋರಿಗಳು ಅದನ್ನು ನ್ಯೂಜಿಲೆಂಡಿಗೂ ಒಯ್ದು ಬೆಳೆದರು. ಪಾಲಿನೇಷ್ಯದ ಜನ ಮತ್ತು ಅಮೆರಿಕದ ಮೂಲನಿವಾಸಿಗಳು 1200ರ ಆಸುಪಾಸಿನಲ್ಲಿ ಬೆರೆತಿದ್ದರೆಂದು 2020ರ ಡಿಎನ್‌ಎ ಅಧ್ಯಯನವೊಂದು ತೋರಿಸಿತು. ಅಂದರೆ ನಮ್ಮಲ್ಲಿ ಹೊಯ್ಸಳರು ಆಳುತ್ತಿದ್ದ ಕಾಲದಲ್ಲೇ! ಶಾಂತಸಾಗರದ ಆ ನಾವಿಕರ ಕಥೆಯನ್ನು ನಿಮ್ಮ ಗುಂಪಿಗೆ ಖಂಡಿತ ಕಳಿಸಿ.

ಮುಂದೊಂದು ದಿನ ಹೊಯ್ಸಳರ ಕಾಲದ ಮಣ್ಣಿನ ಪದರಿನಲ್ಲಿ ಜೋಳದ ಒಂದೇ ಒಂದು ಸುಟ್ಟ ದಿಂಡು ಸಿಕ್ಕಿ, ಇಂಗಾಲದ ಪರೀಕ್ಷೆಯಲ್ಲಿ ಅದರ ವಯಸ್ಸೂ ಖಚಿತವಾದರೆ, ಈ ಉತ್ತರವನ್ನು ನಾನೇ ತಿದ್ದಿ ಬರೆಯುತ್ತೇನೆ.