ಮನೆ ಮಾರುವ ಮುನ್ನ ಒಳಛಾವಣಿಯನ್ನೊಮ್ಮೆ ನೋಡಿರಿ

ನಮ್ಮ ಜನರಿಗೆ ಮನೆಯ ಮಾರಾಟವೆಂದರೆ ಕಾಗದಪತ್ರಗಳ ವ್ಯವಹಾರ. ಖಾತೆ, ಕಂದಾಯದ ರಸೀತಿ, ಋಣಭಾರ ಪತ್ರ ಇವೆಲ್ಲ ಕ್ರಮವಾಗಿದ್ದು, ಸಬ್ ರಿಜಿಸ್ಟ್ರಾರರ ಕಚೇರಿಯಲ್ಲಿ ಹೆಬ್ಬೆಟ್ಟನ್ನೊತ್ತಿ ಬಂದರೆ ಕಾರ್ಯ ಮುಗಿಯಿತೆಂಬ ತಿಳಿವಳಿಕೆಯಲ್ಲಿ ಬೆಳೆದವರು, ಕಾಲಾಂತರದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯಕ್ಕೆ ಬಂದು, ಇಲ್ಲಿ ಮನೆ ಕೊಂಡು, ಮಕ್ಕಳನ್ನು ಓದಿಸಿ, ಅನಂತರ ಅದನ್ನು ಮಾರಲು ಹೊರಟಾಗ, ಒಳಛಾವಣಿಗೆ ಅಂಟಿಕೊಂಡಿರುವ ಅಂಗೈಯಗಲದ ಒಂದು ಪ್ಲಾಸ್ಟಿಕ್ ಬಿಲ್ಲೆಯಿಂದಾಗಿ ಮಾರಾಟವೇ ನಿಂತುಹೋಗಬಹುದೆಂದರೆ ನಂಬುವುದಿಲ್ಲ. ನಿಂತ ಮೇಲೆ ವಕೀಲನ ಬಳಿಗೆ ಬರುತ್ತಾರೆ. ಆ ವೇಳೆಗೆ ವಕೀಲನು ಮಾಡಬಹುದಾದದ್ದು ಅತ್ಯಲ್ಪ.

ಈ ರಾಜ್ಯದ ಕಾನೂನುಗಳ 148ನೆಯ ಅಧ್ಯಾಯದಂತೆ, ವಾಸದ ಮನೆಯನ್ನು ಮಾರುವವನು ಅದರಲ್ಲಿ ಸ್ಮೋಕ್ ಡಿಟೆಕ್ಟರುಗಳೂ ಕಾರ್ಬನ್ ಮಾನಾಕ್ಸೈಡಿನ ಅಲಾರಮುಗಳೂ ನಿಯಮಾನುಸಾರ ಇವೆಯೆಂದು ಊರಿನ ಫೈರ್ ಡಿಪಾರ್ಟ್‌ಮೆಂಟಿನಿಂದ ಪರೀಕ್ಷೆ ಮಾಡಿಸಿ, ಪ್ರಮಾಣಪತ್ರ ಪಡೆಯತಕ್ಕದ್ದು. 2005ರ ಜನವರಿಯಲ್ಲಿ ಪ್ಲಿಮತ್ ಊರಿನ ಮನೆಯೊಂದರಲ್ಲಿ ಬಿಸಿಯುಪಕರಣದ ಹೊಗೆಗಂಡಿಯನ್ನು ಹಿಮವು ಮುಚ್ಚಿ, ಏಳು ವರ್ಷದ ನಿಕೋಲ್ ಎಂಬ ಬಾಲಿಕೆ ಆ ವಾಸನೆಯಿಲ್ಲದ ವಿಷಾನಿಲಕ್ಕೆ ಬಲಿಯಾದ ತರುವಾಯ, 2006ರ ಮಾರ್ಚ್ 31ರಿಂದ ಜಾರಿಗೆ ಬಂದ ಕಾರ್ಬನ್ ಮಾನಾಕ್ಸೈಡ್ ಅಲಾರಮಿನ ವಿಧಿಗೆ ಇಂದಿಗೂ ಆಕೆಯ ಹೆಸರೇ ನಿಂತಿದೆ. ಆದುದರಿಂದ ಇದನ್ನು ಸುಮ್ಮನೆ ಸರ್ಕಾರದ ಕಾಟವೆಂದು ಗೊಣಗುವವರೊಡನೆ ನಾನು ಸೇರಲಾರೆ. ನನ್ನ ಸಿಟ್ಟು ಬೇರೆಯ ಕಡೆಗಿದೆ.

ಮೊದಲ ಹೆಜ್ಜೆ ಸುಲಭವೆಂದು ತೋರುತ್ತದೆ: ಏಣಿಯಿಟ್ಟು ಹತ್ತಿ, ಡಿಟೆಕ್ಟರನ್ನು ತಿರುಗಿಸಿ ಬಿಚ್ಚಿ, ಅದರ ಬೆನ್ನಿನ ಮೇಲಿನ ದಿನಾಂಕವನ್ನು ಓದಿಕೊಳ್ಳಿರಿ. ತಯಾರಾಗಿ ಹತ್ತು ವರ್ಷ ಕಳೆದಿದ್ದರೆ, ಗುಂಡಿಯನ್ನೊತ್ತಿದಾಗ ಅದು ಎಷ್ಟೇ ಜೋರಾಗಿ ಕೂಗಿದರೂ ಅದಕ್ಕೆ ಬೆಲೆಯಿಲ್ಲ. ಇಲ್ಲಿ ಎಣಿಸುವುದು ತಯಾರಾದ ದಿನದಿಂದಲೇ ಹೊರತು ನೀವು ಅಂಗಡಿಯಿಂದ ತಂದ ದಿನದಿಂದಲ್ಲ. ದಿನಾಂಕವೇ ಕಾಣದಷ್ಟು ಹಳದಿಗಟ್ಟಿದ್ದರೆ ಅವಧಿ ತೀರಿತೆಂದೇ ತಿಳಿಯಿರಿ. ಇಷ್ಟನ್ನು ಓದಿದ ಕೂಡಲೇ ಅಂಗಡಿಗೆ ಓಡಿ ಅರ್ಧ ಡಜನು ಹೊಸ ಡಿಟೆಕ್ಟರು ತರಬೇಡಿರಿ, ಏಕೆಂದರೆ ನನ್ನ ಕಕ್ಷಿದಾರರಲ್ಲಿ ಹೆಚ್ಚಿನವರು ಎಡವಿರುವುದು ಸರಿಯಾಗಿ ಇಲ್ಲಿಯೇ.

ಯಾವ ಮನೆಗೆ ಯಾವ ಡಿಟೆಕ್ಟರು ಎಂಬುದನ್ನು ನಿರ್ಣಯಿಸುವುದು ಕಟ್ಟಡದ ಪರ್ಮಿಟ್ಟಿನ ಕಾಲ. 1975ಕ್ಕೆ ಮುಂಚಿನ ಮನೆಯಾಗಿದ್ದು, ಆಮೇಲೆ ದೊಡ್ಡ ಮಾರ್ಪಾಟು ಆಗಿರದಿದ್ದರೆ, ಹತ್ತು ವರ್ಷ ಬಾಳುವ, ತೆಗೆಯಲಾಗದ ಬ್ಯಾಟರಿಯ ಫೋಟೊಎಲೆಕ್ಟ್ರಿಕ್, ಎಂದರೆ ಬೆಳಕಿನಿಂದ ಹೊಗೆಯನ್ನು ಗುರುತಿಸುವ, ಡಿಟೆಕ್ಟರು ಸಾಕಾಗುತ್ತದೆ. ಬ್ಯಾಟರಿ ಬದಲಿಸಬಹುದಾದ ಅಗ್ಗದ ಮಾದರಿಯನ್ನು 2016ರ ಡಿಸೆಂಬರಿನಿಂದೀಚೆಗೆ ಹೊಸದಾಗಿ ಹಾಕುವಂತಿಲ್ಲ. 1975ರ ತರುವಾಯದ ಮನೆಗಳಲ್ಲಿ ಡಿಟೆಕ್ಟರುಗಳು ಮನೆಯ ವಿದ್ಯುತ್ತಿಗೆ ತಂತಿಯಿಂದ ಜೋಡಿಸಲ್ಪಟ್ಟು, ಒಂದು ಕೂಗಿದರೆ ಎಲ್ಲವೂ ಕೂಗುವಂತಿರಬೇಕು. 1997ರ ಉತ್ತರಾರ್ಧದಿಂದ ಪ್ರತಿಯೊಂದು ಮಲಗುವ ಕೋಣೆಯ ಒಳಗೂ ಇರಬೇಕು. ಇನ್ನು ಹಳೆಯ ಮನೆಯಾದರೂ ಅದರಲ್ಲಿ ಈಗಾಗಲೇ ತಂತಿಯ ಡಿಟೆಕ್ಟರುಗಳಿದ್ದರೆ, ಅವನ್ನು ಕಿತ್ತು ಬ್ಯಾಟರಿಯವನ್ನು ಕೂರಿಸುವಂತಿಲ್ಲ.

ಒಬ್ಬ ಗೃಹಸ್ಥರ ಮನೆ 1920ರ ದಶಕದ್ದು. ಹಿಂದಿನ ಮಾಲೀಕನೊಬ್ಬನು ಪರ್ಮಿಟ್ ಪಡೆದು ಅಟ್ಟವನ್ನು ಎರಡು ಮಲಗುವ ಕೋಣೆಗಳನ್ನಾಗಿ ಮಾಡಿದ್ದನು. ಇವರಿಗೆ ಅದು ಗೊತ್ತಿರಲಿಲ್ಲ. "ನೂರು ವರ್ಷದ ಮನೆ ಸರ್, ಬ್ಯಾಟರಿಯದೇ ಸಾಕು" ಎಂದು ಏಜೆಂಟನು ಪರ್ಮಿಟ್ಟಿನ ದಾಖಲೆಯನ್ನು ಕಣ್ಣೆತ್ತಿಯೂ ನೋಡದೆ ಅಪ್ಪಣೆ ಕೊಡಿಸಿದನು. ಕ್ಲೋಸಿಂಗಿಗೆ, ಎಂದರೆ ಮಾರಾಟ ಪೂರ್ತಿಯಾಗುವ ದಿನಕ್ಕೆ, ಮೂರು ದಿನವಿರುವಾಗ ಬಂದ ಇನ್ಸ್‌ಪೆಕ್ಟರನು ಐದು ನಿಮಿಷದಲ್ಲಿ ತಿರಸ್ಕರಿಸಿ ಹೋದನು. ಎಲೆಕ್ಟ್ರಿಷಿಯನ್ ಸಿಗಲು ವಾರ ಹಿಡಿಯಿತು. ಮರುಪರೀಕ್ಷೆಯ ದಿನ ಅದರ ಮುಂದಿನ ವಾರ. ಅಷ್ಟರಲ್ಲಿ ಕೊಳ್ಳುವವರಿಗೆ ಬ್ಯಾಂಕು ಕಾದಿರಿಸಿದ್ದ ಬಡ್ಡಿಯ ದರದ ಅವಧಿ ಮುಗಿದು, ಅದನ್ನು ಮುಂದುವರಿಸುವ ವೆಚ್ಚವೂ ಇವರ ತಲೆಗೇ ಬಂದಿತು. ಕರಾರಿನಲ್ಲಿ ಕ್ಲೋಸಿಂಗಿನ ದಿನಾಂಕವು ಅನುಲ್ಲಂಘನೀಯವೆಂಬ ವಾಕ್ಯವೊಂದಿತ್ತು, ಅದನ್ನು ಯಾರೂ ಓದಿರಲಿಲ್ಲ. ಟೌನ್ ಹಾಲಿನ ಕಟ್ಟಡ ಇಲಾಖೆಯಲ್ಲಿ ಮನೆಯ ವಿಳಾಸವನ್ನು ಹೇಳಿದರೆ ಹಳೆಯ ಪರ್ಮಿಟ್ಟುಗಳನ್ನು ತೆಗೆದು ತೋರಿಸುತ್ತಾರೆ. ಕಚೇರಿಯೆಂದರೆ ಅಂಜುವವರಿಗೂ ಅದು ಅರ್ಧ ಗಂಟೆಯ ಕೆಲಸ.

ಸ್ಥಾನಗಳ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ನೆಲಮಾಳಿಗೆಯೂ ಸೇರಿ ಪ್ರತಿ ಅಂತಸ್ತಿನಲ್ಲಿ, ಮೆಟ್ಟಿಲುಗಳ ಬುಡದಲ್ಲಿ, ಮಲಗುವ ಕೋಣೆಗಳ ಹೊರಗೆ ಸ್ಮೋಕ್ ಡಿಟೆಕ್ಟರು ಬೇಕು. ಅಡುಗೆಮನೆಗೂ ಷವರ್ ಇರುವ ಬಚ್ಚಲಿಗೂ 20 ಅಡಿಯೊಳಗಿನದು ಫೋಟೊಎಲೆಕ್ಟ್ರಿಕ್ ಮಾತ್ರವೇ ಆಗಿರಬೇಕು. ನಮ್ಮ ಮನೆಗಳ ಒಗ್ಗರಣೆಗೆ ಕಿರುಚುತ್ತದೆಂದು ಬಿಚ್ಚಿ ಡ್ರಾಯರಿನೊಳಗೆ ಹಾಕಿರುವ ಡಿಟೆಕ್ಟರನ್ನು ಈಗಲಾದರೂ ಹೊರತೆಗೆಯಿರಿ. ಗ್ಯಾಸು, ಎಣ್ಣೆ, ಸೌದೆ ಉರಿಯುವ ಅಥವಾ ಗ್ಯಾರೇಜು ಅಂಟಿಕೊಂಡಿರುವ ಮನೆಯಲ್ಲಿ ಮಲಗುವ ಕೋಣೆಯ ಬಾಗಿಲಿಗೆ 10 ಅಡಿಯೊಳಗೆ ಕಾರ್ಬನ್ ಮಾನಾಕ್ಸೈಡಿನ ಅಲಾರಮಿರಬೇಕು. ಎರಡೂ ಕೂಡಿದ ಉಪಕರಣವನ್ನು ಹಾಕುವುದಾದರೆ ಅದು ಅಪಾಯ ಯಾವುದೆಂದು ಮಾತಿನಲ್ಲಿ ಹೇಳುವಂಥದಾಗಿರಬೇಕು. ಮನೆಯ ಸಂಖ್ಯೆ ಬೀದಿಗೆ ಕಾಣುವಂತಿರಲಿ, ಇದನ್ನೂ ನೋಡುತ್ತಾರೆ. ಅಲಾರಮುಗಳು ಕಾವಲು ಕಂಪನಿಗೆ ಜೋಡಿಸಿದ್ದರೆ ಪರೀಕ್ಷೆಗೆ ಮುಂಚೆ ಅವರಿಗೆ ತಿಳಿಸಿರಿ, ಇಲ್ಲವಾದರೆ ಇನ್ಸ್‌ಪೆಕ್ಟರನ ಹಿಂದೆಯೇ ಗಂಟೆ ಬಾರಿಸುತ್ತ ಅಗ್ನಿಶಾಮಕದ ವಾಹನವೂ ಬರುವುದು.

ಶುಲ್ಕವು ಒಂದು ಕುಟುಂಬದ ಮನೆಗೆ 50 ಡಾಲರ್, ಎರಡು ಕುಟುಂಬದ್ದಕ್ಕೆ 100 ಡಾಲರ್ ಮೀರುವಂತಿಲ್ಲ. ಪ್ರಮಾಣಪತ್ರವು ಬಾಳುವುದು 60 ದಿನ ಮಾತ್ರ. ಅತಿ ಮುಂಚೆ ಮಾಡಿಸಿದರೆ ಅದು ಕ್ಲೋಸಿಂಗಿಗೆ ಮೊದಲೇ ಸಾಯುತ್ತದೆ. ತಡಮಾಡಿದರೆ ಮರುಪರೀಕ್ಷೆಗೆ ಕಾಲವಿರುವುದಿಲ್ಲ. ರಾಜ್ಯದಲ್ಲಿ 351 ಊರು ನಗರಗಳಿದ್ದು, ಪರೀಕ್ಷೆಯ ವೇಳೆ ಗೊತ್ತುಮಾಡುವ ಪದ್ಧತಿ ಒಂದೊಂದು ಕಡೆಗೆ ಒಂದೊಂದು. ಕೆಲವೆಡೆ ವಾರದಲ್ಲಿ ಎರಡೇ ಬೆಳಗ್ಗೆ, ಫೋನಿಗೆ ಉತ್ತರವಿಲ್ಲ, ಮನೆಗಳ ವಿಕ್ರಯವು ಭರದಿಂದ ಸಾಗುವ ವಸಂತದಲ್ಲಂತೂ ಕೇಳಲೇ ಬೇಡಿರಿ. ಜೀವರಕ್ಷಣೆಯ ಕಾನೂನೆಂದು ಸಾರುವ ಇಲಾಖೆಯು ಅದಕ್ಕೆ ಒಬ್ಬ ಗುಮಾಸ್ತನನ್ನು ಹೆಚ್ಚಾಗಿ ಇಡಲಾರದೆ? ಕರಾರಿಗೆ ಸಹಿ ಹಾಕಿದ ದಿನವೇ ಫೋನ್ ಮಾಡಿ, ಕ್ಲೋಸಿಂಗಿಗೆ ಮೂರು ನಾಲ್ಕು ವಾರ ಮೊದಲಿನ ದಿನವನ್ನು ಬೇಡಿರಿ.

ಕೊಳ್ಳುವವರು ತಮ್ಮ ಕಡೆಯಿಂದ ಕರೆತರುವ ಹೋಮ್ ಇನ್ಸ್‌ಪೆಕ್ಟರನ ವರದಿ ಎಷ್ಟೇ ಚೆನ್ನಾಗಿದ್ದರೂ ಅದು ಈ ಪ್ರಮಾಣಪತ್ರವಾಗದು. ಹಾಗೆಯೇ, "ನಾವು ನೋಡಿಕೊಳ್ಳುತ್ತೇವೆ" ಎನ್ನುವ ಏಜೆಂಟನ ಮಾತನ್ನು ಕೇಳಿ ಸುಮ್ಮನಿರಬೇಡಿರಿ. ಕಾನೂನು ಹೊಣೆಯನ್ನು ಹೊರಿಸಿರುವುದು ಮಾರುವವನ ಮೇಲೆ. ಪರೀಕ್ಷೆಯಲ್ಲಿ ಮನೆ ಬಿದ್ದರೆ ಏಜೆಂಟನ ಕಮಿಷನ್ನಿನಲ್ಲಿ ಒಂದು ಡಾಲರೂ ಕಡಿಮೆಯಾಗುವುದಿಲ್ಲ.