ಜ್ವರ ಬಿಟ್ಟ ರಾತ್ರಿ ಎಚ್ಚರವಿರಲಿ

ಡೆಂಗಿ ವಾರ್ಡಿನಲ್ಲಿ ಮಗುವಿನ ಹಣೆ ಮುಟ್ಟಿದ ತಾಯಿ, ಮೈ ತಣ್ಣಗಾಗಿದೆ, ಸದ್ಯ ಗೆದ್ದೆವು ಎಂದುಕೊಳ್ಳುತ್ತಾಳೆ. ಆದರೆ ಡೆಂಗಿಯಲ್ಲಿ ಗಂಡಾಂತರ ಶುರುವಾಗುವುದೇ ಹೆಚ್ಚಾಗಿ ಜ್ವರ ಇಳಿಯುವಾಗ, ಕಾಯಿಲೆಯ 3ರಿಂದ 7ನೇ ದಿನದೊಳಗೆ. ರಕ್ತನಾಳಗಳಿಂದ ದ್ರವ ಸೋರಿ ರಕ್ತದೊತ್ತಡ ಕುಸಿಯಬಹುದು.

ಆ 24ರಿಂದ 48 ಗಂಟೆ ಕಣ್ಣಲ್ಲಿ ಕಣ್ಣಿಟ್ಟು ಕಾಯಬೇಕು.

ಮಗು ಹೊಟ್ಟೆನೋವೆಂದು ಮುದುಡಿದರೆ, ಮೇಲಿಂದ ಮೇಲೆ ವಾಂತಿ ಮಾಡಿದರೆ, ವಸಡಿನಲ್ಲಿ ರಕ್ತ ಕಂಡರೆ, ಕರೆದರೂ ಮಂಕಾಗಿ ಬಿದ್ದಿದ್ದರೆ ಬೆಳಗಿನ ರೌಂಡ್ಸ್‌ವರೆಗೆ ಕಾಯದೆ ಕೂಡಲೇ ನರ್ಸನ್ನು ಕರೆಯಬೇಕು. ಸಂಕೋಚ ಖಂಡಿತ ಬೇಡ. ಎಷ್ಟು ಲೋಟ ಗಂಜಿ, ಓಆರ್‌ಎಸ್ ಕುಡಿಯಿತು, ಯಾವಾಗ ಮೂತ್ರ ಮಾಡಿತು ಎಂದು ಚೀಟಿಯಲ್ಲಿ ಬರೆದಿಟ್ಟರೆ, ಡ್ರಿಪ್ ಹೆಚ್ಚಿಸಬೇಕೋ ತಗ್ಗಿಸಬೇಕೋ ಎಂದು ನಿರ್ಧರಿಸಲು ವೈದ್ಯರಿಗೆ ಅನುಕೂಲ. ಮನೆಯಿಂದ ತಂದ ಐಬುಪ್ರೊಫೆನ್, ಆಸ್ಪಿರಿನ್ ಕೊಡಲೇಬಾರದು, ರಕ್ತಸ್ರಾವ ಹೆಚ್ಚೀತು.

ಪಾಳಿ ಬದಲಾದಾಗ ಆ ಚೀಟಿ ಅಪ್ಪನ ಕೈಸೇರಲಿ. ಅಮ್ಮ ಒಂದಿಷ್ಟು ಉಂಡು, ಎರಡು ಗಂಟೆಯಾದರೂ ಮಲಗಲಿ.